ದೋಷ ಮೊದಲು ಕಾಣುವುದು ಮೋಲ್ಡರ್ ಕಣ್ಣಿಗೆ

ಪತ್ರ: ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ನಮ್ಮದೊಂದು ಚಿಕ್ಕ ಫೌಂಡ್ರಿ ಇದೆ. ರಿಜೆಕ್ಷನ್ ಇಳಿಯುತ್ತಿಲ್ಲ. ಕ್ಯಾಮೆರಾ ಹಾಕಿಸಿದೆ, ಕೆಟ್ಟ ಪೀಸಿಗೆ ಪಗಾರದಲ್ಲಿ ಕಡಿತ ಇಟ್ಟೆ. ಈಗಿನ ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ. ಏನು ಮಾಡಲಿ?

ಉತ್ತರ: ಸಾಹೇಬ್ರೇ, ನಿಮ್ಮ ಕಷ್ಟ ಸುಳ್ಳಲ್ಲ. ಮಾಲು ವಾಪಸ್ ಬಂದರೂ ಕರೆಂಟ್ ಬಿಲ್, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಫರ್ನೇಸ್ ಹಳೆಯದಾಗಿದ್ದರೆ ಯಾರು ಎಷ್ಟು ಮನಸ್ಸಿಟ್ಟರೂ ಅಷ್ಟೇ, ಅದೂ ಒಪ್ಪಿದೆ. ಆದರೆ ಪಗಾರ ಕಡಿತದ ಮಾತು ಓದಿ ನನಗೆ ಸಂಕಟವಾಯಿತು.

ಹಿಂದೊಮ್ಮೆ ನಿಮ್ಮ ಉದ್ಯಮಬಾಗದಲ್ಲೇ ಒಂದು ಫೌಂಡ್ರಿಯಲ್ಲಿ ಅರ್ಧ ದಿನ ನಿಂತಿದ್ದೆ. ಮರಳಿನ ಅಚ್ಚು ಮಾಡುವ ಹಿರಿಯ ಮೋಲ್ಡರ್ ಒಬ್ಬರು ಮರಳನ್ನು ಹಿಡಿಯಲ್ಲಿ ಒತ್ತಿ, ಉಂಡೆಯನ್ನು ಮುರಿದು ನೋಡಿದರು. ಅಂಚು ಚೊಕ್ಕ ಮುರಿಯಲಿಲ್ಲ, ಬೆರಳಿಗೆ ಅಂಟಿತು. ನೀರು ಜಾಸ್ತಿ. 1,300 ಡಿಗ್ರಿ ದಾಟಿದ ಕಬ್ಬಿಣ ಬಿದ್ದಾಗ ಆ ನೀರು ಆವಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅದೇ ಬ್ಲೋಹೋಲ್, ಎರಕದೊಳಗಿನ ಗುಳ್ಳೆ ತೂತು. ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ, ಯಂತ್ರದಲ್ಲಿ ಮೇಲ್ಮೈ ಕೆತ್ತುವ ಮಷಿನಿಂಗ್‌ಗೆ ಹೋದ ಮೇಲೆ ಬಾಯಿ ತೆರೆಯುತ್ತದೆ. "ಹೇಳಬೇಕಲ್ವಾ?" ಎಂದೆ. "ಹೇಳಿದ್ರ ಕೆಲಸ ನಿಲ್ಲಸ್ತಿ ಅಂತ ಬೈತಾರ್ರೀ. ಸುಮ್ಕಿದ್ರ ತಪ್ಪು ಯಾರದಂತ ಗೊತ್ತಾಗಂಗಿಲ್ಲ" ಎಂದರು. ಅದೇ ಮರಳನ್ನು ಪೆಟ್ಟಿಗೆಗೆ ತುಂಬಿದರು.

ಅವರಿಗೆ ಮನಸ್ಸಿರಲಿಲ್ಲ ಅನ್ನುತ್ತೀರಾ? ಆ ಉಂಡೆಯ ಒದ್ದೆ ನಿಮ್ಮ ಕ್ಯಾಮೆರಾಕ್ಕೆ ಕಾಣುತ್ತದೆಯೇ?

1950ರಲ್ಲಿ ಜಪಾನಿನ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ಮುಂದೆ ತಮ್ಮ ಸೂತ್ರಗಳಲ್ಲಿ ಇದನ್ನೇ ಸೇರಿಸಿದರು: ಭಯ ತೆಗೆಯಿರಿ, ಗೋಡೆಯ ಘೋಷಣೆ ಇಳಿಸಿ, ಕೆಲಸಗಾರ ತನ್ನ ಕೆಲಸಕ್ಕೆ ಹೆಮ್ಮೆಪಡಲು ಬಿಡಿ. ಟೊಯೋಟಾದಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ಲೈನೇ ನಿಲ್ಲಬಹುದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ ಕಾರ್ಖಾನೆ 1984ರಲ್ಲಿ ಟೊಯೋಟಾ ಜತೆಗೂಡಿ ಮತ್ತೆ ತೆರೆಯಿತು. ಬಹುಪಾಲು ಹಳೇ ಕೆಲಸಗಾರರೇ. ಕುಡಿದು ಬರುತ್ತಾರೆ, ಚಕ್ಕರ್ ಹೊಡೆಯುತ್ತಾರೆ ಎಂದು ಹೆಸರು ಕೆಡಿಸಿಕೊಂಡವರು. ಅವರ ಕೈಗೂ ಆ ಹಗ್ಗ ಬಂತು. ಕೆಲವೇ ವರ್ಷಗಳಲ್ಲಿ ಅವರು ಮಾಡಿದ ಕಾರು ಜಪಾನಿನ ಕಾರಿಗೆ ಸರಿಸಾಟಿ ನಿಂತಿತು.

ಅಷ್ಟು ದೂರ ಯಾಕೆ, ಇಳಕಲ್ಲಿಗೆ ಹೋಗಿ. ಒಡಲಿನ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಒಂದೊಂದಾಗಿ ಜೋಡಿಸುವುದನ್ನು ನೋಡಿ. ಅಲ್ಲಿ ಯಾರು ಕ್ಯಾಮೆರಾ ಹಿಡಿದು ಕೂತಿದ್ದಾರೆ?

ಕೈಕೆಲಸಕ್ಕೆ ನಾವು ಮರ್ಯಾದೆ ಕೊಟ್ಟರಲ್ಲವೇ. "ಓದದಿದ್ರೆ ಫೌಂಡ್ರಿಗೆ ಹೋಗ್ತಿ" ಎಂದು ಮಕ್ಕಳನ್ನು ಹೆದರಿಸುತ್ತೇವೆ. ಐಟಿಐ ಮುಗಿಸಿದವನನ್ನು ಕಂತ್ರಾಟಿಗೆ ಇಟ್ಟುಕೊಂಡು, ಹೆಸರೂ ಕೇಳದೆ "ಏ ಹುಡುಗಾ" ಎಂದು ಕೂಗುತ್ತೇವೆ. ಕೈ ಪಳಗುವ ಹೊತ್ತಿಗೆ ಅವನು ಪುಣೆ ಬಸ್ ಹತ್ತಿರುತ್ತಾನೆ. ಆಮೇಲೆ ಈಗಿನ ಹುಡುಗರು ಸರಿಯಿಲ್ಲ ಅನ್ನುತ್ತೇವೆ.

ನೀವು ಕೂತು ಪತ್ರ ಬರೆದಿರಿ, ಅದಕ್ಕೇ ನಿಮ್ಮ ಮೇಲೆ ನಂಬಿಕೆ. ಒಂದು ತಿಂಗಳು ಕಡಿತ ನಿಲ್ಲಿಸಿ. ಬೆಳಗಿನ ಪಾಳಿಯಲ್ಲಿ ಮರಳು ಕಲಸುವ ಮಿಕ್ಸರ್ ಹತ್ತಿರ ನಿಂತು, ನಿಮ್ಮ ಹಿರಿಯ ಮೋಲ್ಡರ್ ಕೈಗೆ ಮರಳು ಕೊಟ್ಟು "ಹೆಂಗೈತಿ ನೋಡ್ರಿ" ಎಂದು ಕೇಳಿ. ಬ್ಯಾಡ ಅಂದರೆ ಎಲ್ಲರೆದುರು ಅದನ್ನು ವಾಪಸ್ ಹಾಕಿಸಿ. ತಿಂಗಳ ಕೊನೆಗೆ ರಿಜೆಕ್ಷನ್ ಲೆಕ್ಕ ಬರೆದು ಕಳಿಸಿ. ಏರಿದ್ದರೂ ಇದೇ ಪುಟದಲ್ಲಿ ಹಾಕುತ್ತೇನೆ.