ಆಷಾಢದ ಗಾಳಿಗೆ ಹೊಲದ ಮಣ್ಣೇ ಹಾರ್ತಿದೆ, ಏನ್ ಮಾಡೋದು?

ಪ್ರಶ್ನೆ: ಚಳ್ಳಕೆರೆ ಕಡೆ ನಮ್ದು ಶೇಂಗಾ ಹೊಲ, ಕೆಂಪು ಮಸಾರಿ. ಜೂನ್‌ ಬಂತಂದ್ರೆ ಮಳೆ ಇಲ್ಲ, ಬರೀ ಗಾಳಿ, ಧೂಳು ಮನೆ ಒಳಗೆಲ್ಲಾ. ಸುತ್ತ ಕಾಂಪೌಂಡ್ ಕಟ್ಟಿಸ್ಲಾ?

ಉತ್ತರ: ಕಾಂಪೌಂಡ್ ಬೇಡ ಮಾರಾಯ್ರೆ, ದುಡ್ಡು ದಂಡ. ಗಟ್ಟಿ ಗೋಡೆಗೆ ಹೊಡೆದ ಗಾಳಿ ಮೇಲಿಂದ ಹಾರಿ ಆ ಕಡೆ ಸುಳಿ ಆಗಿ ಬಿದ್ದು ಇನ್ನೂ ಜಾಸ್ತಿ ಕೆರೆಯುತ್ತೆ, ಅದಕ್ಕೇ ಅರ್ಧಂಬರ್ಧ ಗಾಳಿ ಬಿಡೋ ಮರದ ಸಾಲೇ ವಾಸಿ. ಗಾಳಿ ಪಶ್ಚಿಮ-ನೈಋತ್ಯದಿಂದ ಬರೋದ್ರಿಂದ ಸಾಲು ಉತ್ತರ-ದಕ್ಷಿಣಕ್ಕಿರ್ಲಿ, ಬೇವು, ಹೊಂಗೆ, ಕೆಳಗೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ). ಮರದ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಗಾಳಿ ಜೋರು ಚೆನ್ನಾಗಿ ತಗ್ಗುತ್ತೆ.

ಆದ್ರೆ ಅಸಲಿ ತೊಂದ್ರೆ ಶೇಂಗಾದ್ದೇ. ಬೇರು ಸಮೇತ ಕಿತ್ತು ಹೊಟ್ಟೂ ಹೊತ್ಕೊಂಡು ಹೋದ್ಮೇಲೆ ನೆಲ ಬೋಳು, ಅದರ ಮೇಲೆ ಬೇಸಿಗೇಲಿ ರೋಟವೇಟರ್ ಹೊಡೆದು ಹಿಟ್ಟು ಮಾಡಿದ್ರೆ ಮುಗೀತು, ಸಣ್ಣ ಮರಳಿನ ಕಣ ಕುಪ್ಪಳಿಸ್ಕೊಂಡು ಹೋಗ್ತಾ ಬಿದ್ದಲ್ಲೆಲ್ಲಾ ಇನ್ನಷ್ಟು ಧೂಳು ಎಬ್ಬಿಸುತ್ತೆ. ಮಣ್ಣಿನ ಹೆಂಟೆ ಒಡೀದೆ ಹಾಗೇ ಬಿಡಿ. ನಡುನಡುವೆ ತೊಗರಿ, ಜೋಳದ ಪಟ್ಟೆ ಹಾಕಿ, ಕೊಯ್ದ ಮೇಲೆ ಮೊಣಕಾಲುದ್ದ ಕೂಳೆ ನಿಲ್ಲಿಸಿ, ಕುರಿಯವ್ರನ್ನ ಬಿಡೋದಾದ್ರೂ ಪೂರ್ತಿ ಬೋಳಿಸೋಕೆ ಮುಂಚೆ ಎಬ್ಬಿಸಿ ಕಳ್ಸಿ.