ಆ ಬಿಸಿಲುಕೋಲು ಎಲ್ಲಿಂದ ಬಂತು?

ಪ್ರಶ್ನೆ: ಭಾನುವಾರ ಮಗನ ಮೊಬೈಲಿನಲ್ಲಿ ಗುರುದತ್ ಅವರ ‘ಕಾಗಜ್ ಕೇ ಫೂಲ್’ ನೋಡಿದೆವು. ಅರ್ಧಕ್ಕೇ ಅವನು ಎದ್ದು ಹೋದ. ‘ಬರೀ ಗೋಳು, ಅದಕ್ಕೇ ಆಗ ಓಡಿಲ್ಲ’ ಅಂದ. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. 1959ರಲ್ಲಿ ಸೋತ ಚಿತ್ರವನ್ನು ಈಗ ಇಷ್ಟೊಂದು ಹೊಗಳುವುದು ಯಾಕೆ?
– ನಿವೃತ್ತ ಶಿಕ್ಷಕಿ, ಅರಸೀಕೆರೆ

ಉತ್ತರ: ಮೇಡಂ, ಮಗನ ಮೇಲೆ ಬೇಜಾರು ಮಾಡ್ಕೋಬೇಡಿ. ಈ ಚಿತ್ರ ಅಂಗೈಯಗಲದ ಪರದೆಯಲ್ಲಿ ಹಿಡಿಸುವುದೇ ಇಲ್ಲ. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅಂದರೆ ತುಂಬಾ ಅಗಲದ ಪರದೆಗಾಗಿ ತೆಗೆದ ಚಿತ್ರ ಇದು.

ನಾನು 28 ವರ್ಷ ಥಿಯೇಟರಿನಲ್ಲಿ ಆಪರೇಟರ್ ಆಗಿದ್ದವನು. ಒಂದು ಸಲ ಮಾರ್ನಿಂಗ್ ಶೋಗೆ ಇದರ ಹಳೇ ಪ್ರಿಂಟ್ ಬಂದಿತ್ತು. ಸ್ಕೋಪ್ ಚಿತ್ರದಲ್ಲಿ ಅಗಲವಾದ ದೃಶ್ಯವನ್ನು ಫಿಲ್ಮಿನ ಮೇಲೆ ಎರಡೂ ಪಕ್ಕದಿಂದ ಒತ್ತಿ ಕೂರಿಸಿರುತ್ತಾರೆ. ರೀಲು ಬಿಚ್ಚಿ ಬೆಳಕಿಗೆ ಹಿಡಿದರೆ ವಹೀದಾ ರೆಹಮಾನ್ ಮುಖ ತೆಳ್ಳಗೆ, ಉದ್ದಕ್ಕೆ ಕಾಣುತ್ತದೆ. ಪ್ರೊಜೆಕ್ಟರಿಗೆ ಸ್ಕೋಪ್ ಲೆನ್ಸ್ ಹಾಕಿದ ಮೇಲೆ ಅದೇ ಮುಖ ಸರಿಯಾಗಿ ಅರಳಿಕೊಳ್ಳುತ್ತದೆ. ಅವತ್ತು ಆ ಖಾಲಿ ಸ್ಟುಡಿಯೊ ಪರದೆಯ ಈ ತುದಿಯಿಂದ ಆ ತುದಿಗೆ ಹರಡಿಕೊಂಡಿತು. ಅಷ್ಟು ದೊಡ್ಡ ಜಾಗದಲ್ಲಿ ಮುದುಕನಾದ ನಿರ್ದೇಶಕ ಒಬ್ಬನೇ. ಕ್ಯಾಬಿನ್ನಿನ ಕಿಂಡಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಮೈ ಜುಮ್ ಅಂತು. ಮುಂದಿನ ರೀಲು ಓಡಿಸಬೇಕಾದ ಇನ್ನೊಂದು ಪ್ರೊಜೆಕ್ಟರಿನಲ್ಲಿ ಬೆಳಕು ಕೊಡುವ ಕಾರ್ಬನ್ ಕಡ್ಡಿ ಹೊತ್ತಿಸುವುದೇ ಮರೆತುಹೋಗಿ, ರೀಲು ಮುಗಿಯುವ ಹೊತ್ತಿಗೆ ಓಡಿಹೋಗಿ ಹಚ್ಚಿದೆ.

ನೋಡದವರಿಗಾಗಿ ಕಥೆ ಇಷ್ಟೇ. ಸುರೇಶ್ ಸಿನ್ಹಾ (ಗುರುದತ್ ಅವರೇ ಆ ಪಾತ್ರ ಮಾಡಿದ್ದಾರೆ) ದೊಡ್ಡ ನಿರ್ದೇಶಕ. ಹೆಂಡತಿ ದೂರವಾಗಿದ್ದಾಳೆ, ಮಗಳನ್ನು ಭೇಟಿ ಮಾಡಲೂ ಬಿಡುತ್ತಿಲ್ಲ. ಮಳೆಯಲ್ಲಿ ನೆನೆಯುತ್ತಿದ್ದ ಶಾಂತಿಗೆ (ವಹೀದಾ ರೆಹಮಾನ್) ಕೋಟು ಕೊಡುತ್ತಾನೆ. ಅದನ್ನು ವಾಪಸ್ ಕೊಡಲು ಸ್ಟುಡಿಯೊಗೆ ಬಂದವಳು ಗೊತ್ತಿಲ್ಲದೆ ಕ್ಯಾಮೆರಾ ಮುಂದೆ ಹಾದುಹೋಗುತ್ತಾಳೆ. ಅವಳು ತಾರೆಯಾಗುತ್ತಾಳೆ, ಅವನು ಕುಡಿದು ಹಾಳಾಗುತ್ತಾನೆ. ಕೊನೆಗೆ ಅದೇ ಸ್ಟುಡಿಯೊದಲ್ಲಿ, ನಿರ್ದೇಶಕರ ಕುರ್ಚಿಯಲ್ಲಿ ಪ್ರಾಣ ಬಿಡುತ್ತಾನೆ.

ಜನ ಯಾಕೆ ಒಪ್ಪಲಿಲ್ಲ? ನನಗನಿಸುವುದು ಇದು. ಗುರುದತ್ ಅವರದೇ 1957ರ ‘ಪ್ಯಾಸಾ’ದಲ್ಲೂ ದುಃಖ ಬೇಕಾದಷ್ಟಿತ್ತು. ಆದರೆ ಅಲ್ಲಿಯ ಕವಿ ಜಗತ್ತಿನ ಮೇಲೆ ಸಿಟ್ಟಾಗುತ್ತಾನೆ. ಕೊನೆಗೆ ಜೊತೆಗೊಬ್ಬಳನ್ನು ಕರೆದುಕೊಂಡು ಹೊರಟುಹೋಗುತ್ತಾನೆ. ನೋಡುವವನಿಗೂ ಅವನ ಜೊತೆ ಹೊರಡೋಣ ಅನಿಸುತ್ತದೆ. ಇಲ್ಲಿ ಸಿನ್ಹಾ ಯಾರ ಮೇಲೂ ತಿರುಗಿಬೀಳುವುದಿಲ್ಲ, ಯಾರ ಕೈಯನ್ನೂ ಹಿಡಿಯುವುದಿಲ್ಲ. ಟಿಕೆಟ್ ತೆಗೆದುಕೊಂಡು ಬಂದವರಿಗೆ ಅದು ಭಾರವಾಯಿತು. ಹೆಂಡತಿಯ ಮನೆಯವರ ದೃಶ್ಯಗಳು, ಜಾನಿ ವಾಕರ್ ಹಾಸ್ಯ ನನಗೂ ಜಾಸ್ತಿ ಎಳೆದಂತೆ ಕಾಣುತ್ತವೆ. ಅದನ್ನು ಮುಚ್ಚಿಡುವುದಿಲ್ಲ. ಈ ಸೋಲಿನ ಮೇಲೆ ಗುರುದತ್ ಮತ್ತೆ ಯಾವ ಚಿತ್ರಕ್ಕೂ ನಿರ್ದೇಶಕರಾಗಿ ಹೆಸರು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು ತೀರಿಕೊಂಡರು. ಆಗ ಅವರಿಗೆ ಬರೀ 39 ವರ್ಷ.

ಆದರೆ ಚಿತ್ರ ಉಳಿದದ್ದು ಅವರ ಸಾವಿನ ಮರುಕದಿಂದ ಅಂತ ಕೆಲವರು ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಉಳಿಸಿದ್ದು ಬೆಳಕು. ‘ವಕ್ತ್ ನೇ ಕಿಯಾ’ ಹಾಡು ನೆನಪಿದೆಯಾ? ಕೈಫಿ ಆಜ್ಮಿ ಸಾಹಿತ್ಯ, ಎಸ್. ಡಿ. ಬರ್ಮನ್ ಸಂಗೀತ, ಗೀತಾ ದತ್ ದನಿ. ಸಿನ್ಹಾ, ಶಾಂತಿ ಇಬ್ಬರೂ ತುಟಿ ಅಲ್ಲಾಡಿಸುವುದಿಲ್ಲ. ಮೇಲಿಂದ ಒಂದು ಬಿಸಿಲುಕೋಲು ಇಳಿಯುತ್ತದೆ, ಅದರೊಳಗೆ ದೂಳಿನ ಕಣಗಳು ತೇಲುತ್ತವೆ. ಅದು ಸ್ಟುಡಿಯೊ ದೀಪವಲ್ಲ, ನಿಜವಾದ ಬಿಸಿಲು. ಹೊರಗೆ ದೊಡ್ಡ ಕನ್ನಡಿ ಇಟ್ಟು ಬಿಸಿಲು ಹಿಡಿದು, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿಯಿಂದ ಅದನ್ನು ಕೆಳಕ್ಕೆ ಬೀಳಿಸಿದರು. ಆ ಕೆಲಸ ಮಾಡಿದವರು ಚಿತ್ರದ ಛಾಯಾಗ್ರಾಹಕ, ನಮ್ಮ ಮೈಸೂರಿನ ವಿ. ಕೆ. ಮೂರ್ತಿ.

ಪ್ರಶ್ನೆ: ಗುರುದತ್ ಬಂಗಾಳಿಯವರಾ? ಮೂರ್ತಿಯವರಿಗೂ ಅವರಿಗೂ ಪರಿಚಯ ಹೇಗಾಯ್ತು?
– ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಅಲ್ಲಪ್ಪಾ, ‘ದತ್’ ಅಂತ ಇರುವುದರಿಂದ ತುಂಬಾ ಜನ ಹಾಗೇ ತಿಳಿದಿದ್ದಾರೆ. ಅವರು ಪಡುಕೋಣೆ ಮನೆತನದವರು, ಮನೆಮಾತು ಕೊಂಕಣಿ. ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಬೆಳೆದದ್ದು ಕಲ್ಕತ್ತೆಯಲ್ಲಿ. ತಾಯಿ ವಾಸಂತಿ ಪಡುಕೋಣೆ ಮಗನ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದಿದ್ದಾರೆ.

ಮೂರ್ತಿ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಬಾಂಬೆಗೆ ಹೋದವರು. ಗುರುದತ್ ನಿರ್ದೇಶಿಸಿದ 1951ರ ‘ಬಾಜಿ’ಯಲ್ಲಿ ಅವರು ಇನ್ನೂ ಸಹಾಯಕ. ಒಂದು ಕಷ್ಟದ ಶಾಟ್ ಅನ್ನು ಹೀಗೆ ತೆಗೆಯಬಹುದು ಅಂತ ಹೇಳಿ, ತಾವೇ ತೆಗೆದು ತೋರಿಸಿದರು. ಆಮೇಲೆ ಗುರುದತ್ ಮೂರ್ತಿಯವರನ್ನು ಬಿಡಲಿಲ್ಲ. ಮುಂದಿನ ವರ್ಷ ‘ಜಾಲ್’ ಚಿತ್ರಕ್ಕೆ ಅವರೇ ಛಾಯಾಗ್ರಾಹಕ. ‘ಕಾಗಜ್ ಕೇ ಫೂಲ್’ ಓಡದಿದ್ದರೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರದಾಯಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ನಾನು ಆ ಹಾಡನ್ನು ಮೂರು ಸಲ ಹಾಕಿಕೊಂಡು ನೋಡಿದೆ.

ಅರಸೀಕೆರೆ ಮೇಡಂಗೆ ಇನ್ನೊಂದು ಮಾತು. ಮಗನ ಜೊತೆ ಇನ್ನೊಮ್ಮೆ ಕೂತ್ಕೊಳ್ಳಿ. ಕತ್ತಲಾದ ಮೇಲೆ, ಮನೆಯ ದೊಡ್ಡ ಟಿವಿಯಲ್ಲಿ, ದೀಪ ಎಲ್ಲ ಆರಿಸಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ, ಚಿತ್ರವನ್ನು ಎಳೆದು ಪರದೆ ತುಂಬಿಸಬೇಡಿ. ಇಡೀ ಚಿತ್ರ ಬೇಡ ಅಂದರೆ ಆ ಹಾಡೊಂದನ್ನೇ ತೋರಿಸಿ.