ಉದ್ಯೋಗ ಮೇಳ: ರೆಸ್ಯೂಮೆ ಹಂಚಿ ಬಂದರೆ ಸಾಲದು

ಪ್ರಶ್ನೆ: ಸರ್, ಪದವಿ ಮುಗಿದು ಒಂದು ವರ್ಷ ಆಯಿತು. ಅಕೌಂಟ್ಸ್ ಕಡೆ ಕೆಲಸ ಹುಡುಕುತ್ತಿದ್ದೇನೆ. ಹೋದ ಸಲ ಉದ್ಯೋಗ ಮೇಳಕ್ಕೆ ಹೋಗಿ ಕಂಡ ಕಂಡ ಸ್ಟಾಲಿಗೆಲ್ಲ ರೆಸ್ಯೂಮೆ ಕೊಟ್ಟು ಬಂದೆ. ಒಂದು ಫೋನೂ ಬರಲಿಲ್ಲ. ಈಗ ಇನ್ನೊಂದು ಮೇಳ ಇದೆ. ಹೋಗಬೇಕಾ, ಬೇಡವಾ?

ಉತ್ತರ: ಹೋಗಿ. ಆದರೆ ಹೋದ ಸಲದ ಹಾಗೆ ಬೇಡ.

ಸ್ಟಾಲಿನ ಆ ಕಡೆ ಕುಳಿತವರ ಕಷ್ಟ ನನಗೆ ಗೊತ್ತು, ನಾನೂ ಕುಳಿತವನೇ. ಬೆಳಗ್ಗೆಯಿಂದ ಜನ ಬರುತ್ತಲೇ ಇರುತ್ತಾರೆ, ಹೆಚ್ಚಿನವರ ಮಾತು ಒಂದೇ: ‘ಯಾವ ಕೆಲಸ ಆದರೂ ಪರವಾಗಿಲ್ಲ ಸರ್.’ ಹೇಳುವವರಿಗೆ ಇದು ವಿನಯ ಅನ್ನಿಸುತ್ತದೆ. ಕೇಳುವವರಿಗೆ ಮಾತ್ರ ಇದರಿಂದ ಏನೂ ತಿಳಿಯುವುದಿಲ್ಲ. ಸಂಜೆ ಮುಂದೆ ರೆಸ್ಯೂಮೆಗಳ ರಾಶಿ ಇರುತ್ತದೆ, ಮುಖಗಳು ಒಂದೂ ನೆನಪಿರುವುದಿಲ್ಲ. ಆಗ ಕೈಗೆ ಸಿಗುವುದು ಯಾವುದು ಗೊತ್ತಾ? ಮಾತಾಡುವಾಗ ನಾವೇ ಮೂಲೆಯಲ್ಲಿ ಪೆನ್ನಿನಿಂದ ಏನಾದರೂ ಗೀಚಿಟ್ಟ ರೆಸ್ಯೂಮೆ. ‘ಎಕ್ಸೆಲ್ ಚೆನ್ನಾಗಿ ಬರುತ್ತೆ’, ‘ಬಿಲ್ಲಿಂಗ್ ಮಾಡಿ ಗೊತ್ತು’, ‘ತಕ್ಷಣ ಸೇರಬಹುದು’, ಇಷ್ಟೇ ಇರುತ್ತದೆ ಅದರಲ್ಲಿ. ಮೇಳದಲ್ಲಿ ನೀವು ಸಂಪಾದಿಸಬೇಕಾದ್ದು ಆ ಒಂದು ಸಾಲು. ಕೆಲಸವೇ ಅಲ್ಲಿ ಕೈಗೆ ಸಿಗುವುದು ಅಪರೂಪ.

ಅದಕ್ಕೆ ತಯಾರಿ ಮನೆಯಲ್ಲೇ ಆಗಬೇಕು. ಬರುವ ಕಂಪನಿಗಳ ಪಟ್ಟಿಯನ್ನು ಸಾಮಾನ್ಯವಾಗಿ ಮೊದಲೇ ಹಾಕಿರುತ್ತಾರೆ. ಅದರಲ್ಲಿ ಐದಾರು ಆರಿಸಿಕೊಳ್ಳಿ, ಸಾಕು. ಪ್ರತಿ ಕಂಪನಿಯ ವೆಬ್‌ಸೈಟಿಗೆ ಹೋಗಿ ಯಾವ ಹುದ್ದೆ ಖಾಲಿ ಇದೆ, ಅದರಲ್ಲಿ ದಿನವೂ ಮಾಡುವ ಕೆಲಸ ಏನು ಅಂತ ಓದಿ. ಅವರು ‘ಬ್ಯಾಂಕ್ ರಿಕನ್ಸಿಲಿಯೇಷನ್’ (ಕಂಪನಿಯ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವುದು) ಅಂತ ಬರೆದಿದ್ದು ನಿಮಗೂ ಅದು ಬರುವುದಾದರೆ, ರೆಸ್ಯೂಮೆಯಲ್ಲಿ ಅದೇ ಪದ ಇರಲಿ, ಮೇಲ್ಭಾಗದಲ್ಲೇ ಇರಲಿ. ಬರದೇ ಇರುವುದನ್ನು ಬರೆಯಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಹೊಸಬರಿಗೆ ಒಂದೇ ಪುಟ ಸಾಕು. ಹಿಂಬದಿ ಖಾಲಿ ಬಿಡಿ, ಅವರಿಗೆ ಬರೆದುಕೊಳ್ಳಲು ಜಾಗ ಬೇಕಲ್ವಾ!

ಮೇಳ ಶುರುವಾಗುವ ಹೊತ್ತಿಗೇ ಅಲ್ಲಿರಿ. ಮಧ್ಯಾಹ್ನದ ಮೇಲೆ ಸ್ಟಾಲಿನವರೂ ಸುಸ್ತಾಗಿರುತ್ತಾರೆ, ಕೆಲವರು ಬೇಗ ಗಂಟುಮೂಟೆ ಕಟ್ಟಿಬಿಡುತ್ತಾರೆ. ಆದರೆ ನಿಮಗೆ ತುಂಬಾ ಬೇಕಾದ ಕಂಪನಿಗೆ ಮೊಟ್ಟಮೊದಲು ಹೋಗಬೇಡಿ. ಪಟ್ಟಿಯಲ್ಲಿ ಕೆಳಗಿರುವ ಒಂದು ಕಡೆ ಮಾತಾಡಿ, ನಾಲಿಗೆ ಸಡಿಲ ಮಾಡಿಕೊಂಡು, ಆಮೇಲೆ ಅಲ್ಲಿಗೆ ಹೋಗಿ. ಗೆಳೆಯರ ಜೊತೆ ಮೇಳಕ್ಕೆ ಬರುವುದು ಸರಿ, ಸ್ಟಾಲಿಗೆ ಮಾತ್ರ ಒಬ್ಬರೇ. ಗುಂಪಾಗಿ ನಿಂತರೆ ಗುಂಪಿನಲ್ಲಿ ಜಾಸ್ತಿ ಮಾತಾಡುವವನ ಹೆಸರಷ್ಟೇ ಉಳಿಯುತ್ತದೆ.

ಪ್ರಶ್ನೆ: ನನಗೆ ಹೊಸಬರ ಮುಂದೆ ಮಾತೇ ಹೊರಡುವುದಿಲ್ಲ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಬಾಯಿ ಒಣಗುತ್ತದೆ. ಏನು ಹೇಳಬೇಕು ಅಂತ ದಯವಿಟ್ಟು ತಿಳಿಸಿ.

ಉತ್ತರ: ಅರ್ಧ ನಿಮಿಷದ ಮಾತು ಸಾಕು. ಹೆಸರು, ನಿಮಗೆ ಏನು ಬರುತ್ತದೆ, ಅದಕ್ಕೆ ಒಂದು ಉದಾಹರಣೆ, ಯಾವ ಹುದ್ದೆಗೆ ಬಂದಿದ್ದೀರಿ. ಹುಟ್ಟಿದ ಊರು, ಅಪ್ಪ ಅಮ್ಮನ ಉದ್ಯೋಗ, ಹವ್ಯಾಸ ಯಾವುದೂ ಬೇಡ. ಎಲೆಕ್ಟ್ರಿಕಲ್ ಓದಿದವರಾದರೆ ಹೀಗೆ ಹೇಳಿ ನೋಡಿ: ‘ನಮಸ್ಕಾರ ಮೇಡಂ, ನನ್ನ ಹೆಸರು ಇಂಥದ್ದು, ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಪ್ರಾಜೆಕ್ಟಿನಲ್ಲಿ ಒಂದು ಹಳೆಯ ಮೋಟರ್ ಬಿಚ್ಚಿ ಹೊಸದಾಗಿ ವೈಂಡಿಂಗ್ ಮಾಡಿ ಓಡಿಸಿದೆವು. ವೈಂಡಿಂಗ್ ನಾನೇ ಮಾಡಿದ್ದು. ನಿಮ್ಮ ಮೆಂಟೆನೆನ್ಸ್ ಟ್ರೈನಿ ಹುದ್ದೆಯ ಬಗ್ಗೆ ಮಾತಾಡೋಣ ಅಂತ ಬಂದೆ.’ ಮುಂದಿನ ಪ್ರಶ್ನೆ ಆ ಮೋಟರಿನ ಬಗ್ಗೆಯೇ ಬರುವ ಸಾಧ್ಯತೆ ಜಾಸ್ತಿ, ಅದು ನೀವು ಕೈಯಾರೆ ಮಾಡಿದ ಕೆಲಸ, ಅದರ ಬಗ್ಗೆ ಹೇಳುವಾಗ ಅಳುಕು ತಾನಾಗಿ ಕಡಿಮೆಯಾಗುತ್ತದೆ. ಪದಕ್ಕೆ ಪದ ಕಂಠಪಾಠ ಮಾಡಬೇಡಿ. ನಡುವೆ ಯಾರಾದರೂ ಪ್ರಶ್ನೆ ಹಾಕಿದರೆ ಮಾತಿನ ಎಳೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುವವರನ್ನು ತುಂಬಾ ನೋಡಿದ್ದೇನೆ. ಮನೆಯವರ ಮುಂದೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಪ್ರತಿ ಸಲ ಮಾತು ಸ್ವಲ್ಪ ಬದಲಾದರೂ ಪರವಾಗಿಲ್ಲ.

ಕೇಳಲು ಒಂದು ಪ್ರಶ್ನೆಯೂ ಇರಲಿ. ‘ನಿಮ್ಮ ಕಂಪನಿ ಏನು ಮಾಡುತ್ತದೆ?’ ಅಂತ ಮಾತ್ರ ಕೇಳಬೇಡಿ, ಹಿಂದೆ ಬ್ಯಾನರಿನಲ್ಲೇ ಬರೆದಿರುತ್ತದೆ. ‘ಈ ಕೆಲಸಕ್ಕೆ ಸೇರಿದವರಿಗೆ ಮೊದಲ ಮೂರು ತಿಂಗಳು ಏನು ಕೆಲಸ ಕೊಡುತ್ತೀರಿ?’ ಅಂತ ಕೇಳಿದರೆ ಅವರೂ ಉತ್ಸಾಹದಿಂದ ಮಾತಾಡುತ್ತಾರೆ. ಸಂಬಳದ ಮಾತು ಅವರೇ ತೆಗೆಯಲಿ. ಬಟ್ಟೆ ಇಸ್ತ್ರಿ ಆಗಿದ್ದು, ಚಪ್ಪಲಿ ಬೂಟು ಯಾವುದಾದರೂ ದಿನವಿಡೀ ನಿಲ್ಲಲು ಬರುವಂತಿದ್ದರೆ ಆಯಿತು.

ಪ್ರಶ್ನೆ: ಎಲ್ಲಿ ಹೋದರೂ ‘ವೆಬ್‌ಸೈಟಿನಲ್ಲಿ ಅಪ್ಲೈ ಮಾಡಿ’ ಅನ್ನುತ್ತಾರೆ. ಸಾಗಹಾಕುವುದಕ್ಕೆ ಹೇಳುವ ಮಾತಾ ಇದು?

ಉತ್ತರ: ಕೆಲವು ಸಲ ಹೌದು. ಆದರೆ ಬಹಳಷ್ಟು ಕಂಪನಿಗಳಲ್ಲಿ ನಿಮ್ಮ ಅರ್ಜಿ ಅವರ ಸಾಫ್ಟ್‌ವೇರಿನ ಒಳಗೆ ಇಲ್ಲದಿದ್ದರೆ, ಸ್ಟಾಲಿನಲ್ಲಿ ಕುಳಿತವರಿಗೆ ಇಷ್ಟವಿದ್ದರೂ ಮುಂದಕ್ಕೆ ಕಳಿಸಲು ಆಗುವುದಿಲ್ಲ. ಹಾಗಾಗಿ ಬೇಜಾರು ಮಾಡಿಕೊಂಡು ಹೊರಡುವ ಬದಲು ಅಲ್ಲೇ ಕೇಳಿ: ‘ಯಾವ ಹುದ್ದೆಯ ಹೆಸರಲ್ಲಿ ಹಾಕಲಿ? ಹಾಕಿದ ಮೇಲೆ ನಿಮಗೆ ಒಂದು ಮೇಲ್ ಕಳಿಸಬಹುದಾ?’ ಸ್ಟಾಲಿನಿಂದ ಈಚೆ ಬಂದ ತಕ್ಷಣ ಅವರ ಹೆಸರು, ಆಡಿದ ಮಾತು ಬರೆದಿಟ್ಟುಕೊಳ್ಳಿ. ನಾಲ್ಕು ಸ್ಟಾಲ್ ಸುತ್ತಿದರೆ ಎಲ್ಲ ಕಲಸಿಹೋಗುತ್ತದೆ. ಅವತ್ತೇ ರಾತ್ರಿ ಅರ್ಜಿ ಹಾಕಿ, ಮರುದಿನ ಅರ್ಜಿ ಸಂಖ್ಯೆ ಸಮೇತ ಮೂರು ನಾಲ್ಕು ಸಾಲಿನ ಮೇಲ್ ಕಳಿಸಿ, ಏನು ಮಾತಾಡಿದ್ದಿರಿ ಅನ್ನುವುದನ್ನು ಒಂದು ಸಾಲಿನಲ್ಲಿ ನೆನಪಿಸಿ. ಇಷ್ಟು ಮಾಡುವವರು ಕಡಿಮೆ, ಆದ್ದರಿಂದಲೇ ಮಾಡಿದವರು ಕಣ್ಣಿಗೆ ಬೀಳುತ್ತಾರೆ. ಒಂದು ವಾರ ಕಳೆದು ಇನ್ನೊಂದು ಸಲ ಕೇಳಬಹುದು. ದಿನಾ ಫೋನ್ ಮಾಡಬೇಡಿ.

ಹಾಗೇ ಇನ್ನೊಂದು ವಿಷಯ. ಫೋನಿನಲ್ಲಿ ಫೋಟೋ ತೆಗೆದ ರೆಸ್ಯೂಮೆಯನ್ನು ಅಪ್‌ಲೋಡ್ ಮಾಡಬೇಡಿ. ಚಿತ್ರವಾಗಿರುವ ಅಕ್ಷರ, ಬಣ್ಣದ ಡಬ್ಬಿಗಳು, ಟೇಬಲ್ಲುಗಳು ಇಂಥ ಸಾಫ್ಟ್‌ವೇರಿಗೆ ಸರಿಯಾಗಿ ಓದಲು ಬಾರದೇ ಹೋಗಬಹುದು. ಟೈಪ್ ಮಾಡಿದ ಸರಳ ಪಿಡಿಎಫ್ ಇರಲಿ, ಫೈಲಿಗೆ ‘ಫೈನಲ್ ಹೊಸದು 2’ ಅನ್ನುವ ಬದಲು ನಿಮ್ಮ ಹೆಸರಿಡಿ.

ಪ್ರಶ್ನೆ: ಮಗುವಿಗಾಗಿ ನಾಲ್ಕು ವರ್ಷ ಕೆಲಸ ಬಿಟ್ಟಿದ್ದೆ. ಮೇಳದಲ್ಲಿ ಅದನ್ನೇ ಕೆದಕುತ್ತಾರೆ ಅನ್ನುವ ಭಯ.

ಉತ್ತರ: ಕೇಳುತ್ತಾರೆ. ‘ಮಗುವನ್ನು ನೋಡಿಕೊಳ್ಳಲು ಬಿಟ್ಟಿದ್ದೆ, ಈಗ ಆ ವ್ಯವಸ್ಥೆ ಆಗಿದೆ’ ಅಂತ ಒಂದು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಕ್ಷಮೆ ಕೇಳುವ ದನಿ ಬೇಡ, ಉದ್ದದ ಕಥೆಯೂ ಬೇಡ. ಅದೇ ಉಸಿರಿನಲ್ಲಿ ಮೊದಲು ಮಾಡುತ್ತಿದ್ದ ಕೆಲಸಕ್ಕೆ ಬನ್ನಿ. ಇತ್ತೀಚೆಗೆ ಹೊಸದೇನಾದರೂ ಕಲಿತಿದ್ದರೆ, ಸಣ್ಣ ಕೋರ್ಸ್ ಆದರೂ ಸರಿ, ಅದನ್ನೂ ಸೇರಿಸಿ.

ಪ್ರಶ್ನೆ: ಒಂದು ಸ್ಟಾಲಿನಲ್ಲಿ ‘ಸೆಲೆಕ್ಟ್ ಆಗಿದ್ದೀರಿ, ಟ್ರೈನಿಂಗ್ ಫೀಸ್ ಕಟ್ಟಿ, ಒರಿಜಿನಲ್ ಸರ್ಟಿಫಿಕೇಟ್ ಕೊಡಿ’ ಅಂದರು. ಕೊಡಬಹುದಾ?

ಉತ್ತರ: ಬೇಡ. ಎರಡೂ ಕೊಡಬೇಡಿ. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ನಿಮ್ಮಿಂದ ದುಡ್ಡು ಕೇಳಬಾರದು. ಒರಿಜಿನಲ್ ಅಲ್ಲೇ ತೋರಿಸಿ ವಾಪಸ್ ತೆಗೆದುಕೊಳ್ಳಿ, ಝೆರಾಕ್ಸ್ ಕೊಟ್ಟರೆ ಸಾಕು. ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅಲ್ಲಿಂದ ಎದ್ದು ಬನ್ನಿ, ಬರುವಾಗ ಮೇಳ ನಡೆಸುವವರ ಟೇಬಲ್ಲಿಗೆ ಹೋಗಿ ಆ ಸ್ಟಾಲಿನ ನಂಬರ್ ತಿಳಿಸಿ.